ಮೇಲೆ ನೋಡುತ್ತಾ ನಿಲ್ಲುವ ಕೆಲಸ

ಮುಳಬಾಗಿಲು
8 ಜೂನ್ 2025, ಭಾನುವಾರ

ನನ್ನ ಮುದ್ದು ಕಿಟ್ಟಿ ತಾತಾ,

ನೋಡಿ, ಬರೆದೇಬಿಟ್ಟೆ! ಮದುವೆ ದಿನ ನೀವು ಸ್ಟಾಂಪ್ ಹಚ್ಚಿ, ನಿಮ್ಮದೇ ವಿಳಾಸ ಬರೆದ ಐವತ್ತು ಕವರ್ ನನ್ನ ಮಡಿಲಿಗೆ ಹಾಕಿ, "ಫೋನಲ್ಲಿ ನೀನು ಹೇಳೋದು ಈ ಕಿವಿಗೆ ಬೀಳಲ್ಲ ಕಣೇ, ಬರಿ," ಅಂದಾಗ ಗಂಡಿನ ಕಡೆಯವರೆಲ್ಲ ನಕ್ಕರು. ಮಾಸ್ತಿಯ ನಿಮ್ಮ ಹಜಾರದಲ್ಲಿ ಕೂತು ನಾನು ಎಂಟನೇ ಕ್ಲಾಸಿನಲ್ಲೇ ಕಟಕಟ ಕುಟ್ಟಿ ಮಾತಾಡೋ ಮೋರ್ಸ್ ಕಲಿತವಳು ಅಂತ ಅವರಿಗೇನು ಗೊತ್ತು! ಇಂಗ್ಲಿಷ್ ಮೀಡಿಯಂ ಹುಡುಗಿ, ಒತ್ತಕ್ಷರ ತಪ್ಪಿದರೆ ಕೆಂಪು ಪೆನ್ ತೆಗೀಬೇಡಿ ಮೇಷ್ಟ್ರೇ.

ಮದುವೆಯಾಗಿ ಇವತ್ತಿಗೆ ಇಪ್ಪತ್ತೆಂಟು ದಿನ. ಭಾರ್ಗವ್ ದಿನಾ ಬೆಳಗ್ಗೆ ನನಗೆ ಕಾಫಿ ತಂದುಕೊಡ್ತಾನೆ, ಅತ್ತೆ ನೋಡದ ಹಾಗೆ. (ಅತ್ತೆ ಮುಂದೆ "ಅವರು", ನಿಮ್ಮ ಮುಂದೆ "ಅವನು". ಹೇಳಿಬಿಡಬೇಡಿ.) ಆದರೆ ದೊಡ್ಡ ಸುದ್ದಿ ಅದಲ್ಲ. ಮಾವನವರು ತಮ್ಮ ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕೋಣೆಯನ್ನ ನನಗೇ ಕೊಟ್ಟಿದ್ದಾರೆ! ಬೀದಿ ಕಡೆ ಬಾಗಿಲು, ಹಿಂದೆ ಅಂಗಳ, ಹತ್ತು ಮೇಜು. "ಇಲ್ಲಿ ಕಟಕಟ ಸದ್ದು ನಿಂತು ಹನ್ನೆರಡು ವರ್ಷ ಆಯ್ತಮ್ಮ, ನಿನ್ನ ಕಟಕಟ ಶುರುವಾಗಲಿ," ಅಂದರು. ನಾನು ಹೊರಗೆ ಬೋರ್ಡ್ ಹಾಕಿದೆ: "ಹ್ಯಾಮ್ ರೇಡಿಯೋ ಕ್ಲಬ್. ಸಿಮ್ ಬೇಡ, ಇಂಟರ್ನೆಟ್ ಬೇಡ, ಗಾಳಿಯಲ್ಲೇ ಜಗತ್ತಿನ ಜೊತೆ ಮಾತು. ಮಕ್ಕಳಿಗೆ ಉಚಿತ."

ಮೊದಲ ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಸ್ಪೀಕರನ್ನ ಕಿಟಕಿಗೆ, ಬೀದಿ ಕಡೆ ತಿರುಗಿಸಿ ಇಟ್ಟೆ. ಯಾರೋ ಯಾವುದೋ ದೇಶದಿಂದ ಕರೆಯೋ ಸದ್ದು ಕೇಳಿ ಟ್ಯೂಷನ್ ಮುಗಿಸಿ ಹೋಗೋ ಮಕ್ಕಳು ಸೈಕಲ್ ನಿಲ್ಲಿಸ್ತಾರೆ. ಒಳಗೆ ಬಂದವರು ಮೊದಲು ನಿಲ್ಲೋದು ನೀವು ಮದುವೆಗೆ ಕೊಟ್ಟ ಪೆಂಗ್ವಿನ್ ಕಾರ್ಡಿನ ಮುಂದೆ! ಹಿಮದ ಖಂಡದಿಂದ, ನಿಮ್ಮ ಜೊತೆ ಮಾತಾಡಿದ್ದು ನಿಜ ಅಂತ ಸಾಕ್ಷಿಗೆ ಬಂದ ಕಾರ್ಡು! ಫ್ರೇಮ್ ಹಾಕಿಸಿ ಬಾಗಿಲ ಪಕ್ಕದಲ್ಲೇ ತೂಗುಹಾಕಿದ್ದೀನಿ. ಅದರ ಕಥೆ ಬರೆದು ಕಳಿಸಿ ತಾತಾ, ಪ್ಲೀಸ್ ಪ್ಲೀಸ್.

ನಿಯಮ ಎಲ್ಲ ನೆನಪಿದೆ. ಕೇಳೋದು ಯಾರು ಬೇಕಾದರೂ ಕೇಳಬಹುದು, ಉತ್ತರ ಕೊಡೋದು ಲೈಸೆನ್ಸ್ ಇರೋ ನಾನೊಬ್ಬಳೇ. ಭಾರ್ಗವ್‌ಗೂ ಹೇಳಿದ್ದೀನಿ, "ಮೈಕ್ ಮುಟ್ಟಿದರೆ ಡೈವೋರ್ಸ್."

ನಿಮ್ಮ
ಶ್ರೀ


ಮಾಸ್ತಿ
17 ಜೂನ್ 2025

ಚಿ. ಸೌ. ಶ್ರೀಪ್ರಿಯಾ,

ಪತ್ರ ತಲುಪಿತು. ಸಂತೋಷ. ನಿನ್ನ ಮಾವ ಶ್ರೀಧರರಿಗೆ ನನ್ನ ನಮಸ್ಕಾರ ಹೇಳು. ಕೋಣೆ ಬಿಟ್ಟುಕೊಡುವ ಮಾವ ಸಿಗುವುದು ಸುಲಭವಲ್ಲ.

ಕಾರ್ಡನ್ನು ಕೊಟ್ಟದ್ದು ನಿನ್ನ ಬಳಿ ಇರಲಿ ಎಂದು. ಗೋಡೆಗೆ ಹಾಕು ಎಂದಲ್ಲ. ಅದಕ್ಕೆ ಹೇಳುವಂಥ ಕಥೆಯೇನೂ ಇಲ್ಲ.

ಅಂಗಳದ ಹಿಂದೆ ಏನಿದೆ? ಕರೆಂಟಿನ ಲೈನ್ ಯಾವ ಕಡೆ ಹೋಗಿದೆ? ಎಷ್ಟು ದೂರ? ಅಳೆದು ಬರೆ. ಆಂಟೆನಾ ಕಟ್ಟಲು ಮರವಿದ್ದರೆ ಮರವೇ ಸಾಕು. ಕಬ್ಬಿಣದ ಕಂಬದ ಆಸೆ ಬೇಡ.

ಕೃಷ್ಣಮೂರ್ತಿ


ಮುಳಬಾಗಿಲು
6 ಜುಲೈ 2025, ಭಾನುವಾರ

ತಾತಾ ತಾತಾ,

ಹನ್ನೊಂದು ಜನ! ಹನ್ನೊಂದು! ಮೇಜು ಸಾಲದೆ ಮಾವನವರ ಹಳೇ ಬೆಂಚು ಅಟ್ಟದಿಂದ ಇಳಿಸಿದೆವು. ಮೊದಲ ದಿನವೇ ಪಾಠ ಶುರು ಮಾಡಿದರೆ ಮಕ್ಕಳು ಓಡಿಹೋಗ್ತಾರೆ, ಅದಕ್ಕೆ ಬಂದವರ ಕೈಗೆ ಮೋರ್ಸ್ ಕೀ ಕೊಟ್ಟು "ನಿನ್ನ ಹೆಸರು ಕುಟ್ಟು" ಅಂತೀನಿ. ತಮ್ಮ ಹೆಸರು ತಾವೇ ಕೇಳಿಸಿಕೊಂಡ ಮೇಲೆ ಯಾರೂ ಮನೆಗೆ ಹೋಗೋ ಮಾತೇ ಆಡಲ್ಲ.

ಇವರಲ್ಲಿ ಚಂದನ ಅಂತ ಒಬ್ಬಳಿದ್ದಾಳೆ. ಮೊದಲ ಪಿಯುಸಿ, ದೇವರಾಯಸಮುದ್ರದಿಂದ ಬಸ್ಸಲ್ಲಿ ಬರ್ತಾಳೆ. ಅವಳ ಅಮ್ಮ ಗಂಗಾಲಕ್ಷ್ಮಿ ಒಂದಿನ ಹುಡುಕಿಕೊಂಡು ಬಂದು, ಸೆಟ್ಟನ್ನ ದಿಟ್ಟಿಸಿ, "ಏಮ್ಮಾ, ಈ ಡಬ್ಬಾಲೋ ಎವರುನ್ನಾರು?" ಅಂದರು. ಡಬ್ಬದೊಳಗೆ ಯಾರೂ ಇಲ್ಲ ಅಂತ ನನ್ನ ಹರಕು ತೆಲುಗಲ್ಲಿ ಹೇಳೋ ಹೊತ್ತಿಗೆ ಚಂದನ, "ಪ್ರಪಂಚಂ ಉಂದಿ ಅಮ್ಮಾ," ಅಂದುಬಿಟ್ಟಳು! ಪ್ರಪಂಚ ಇದೆಯಂತೆ ಡಬ್ಬದಲ್ಲಿ! ನನಗೆ ಕಣ್ಣೀರೇ ಬಂತು.

ಅವಳು ಲೆಕ್ಕದಲ್ಲಿ ಚುರುಕು. ರೇಡಿಯೋದವರು ಯಾವ ದೇಶದಲ್ಲಿದ್ದರೂ ಲಂಡನ್ ಸಮಯವನ್ನೇ ಬರೀತಾರೆ, ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಅಂತ ಹೇಳಿಕೊಟ್ಟೆ. ತಕ್ಷಣ ನಿಮ್ಮ ಕಾರ್ಡ್ ಮುಂದೆ ಹೋಗಿ ನಿಂತಳು. "14 ಫೆಬ್ರವರಿ 1999, ಸೊನ್ನೆ ಆರು ಹನ್ನೆರಡು. ಅಂದರೆ ಬೆಳಗ್ಗೆ ಹನ್ನೊಂದು ನಲವತ್ತೆರಡು. ಭಾನುವಾರ ಅಕ್ಕ, ಮೊಬೈಲಲ್ಲಿ ನೋಡಿದೆ. ಆ ಹೊತ್ತಲ್ಲಿ ತಾತ ಏನು ಮಾಡ್ತಿದ್ರು? ತಿಂಡಿ ತಿಂತಿದ್ರಾ?" ಈಗ ಹನ್ನೊಂದು ಮಕ್ಕಳಿಗೂ ಅದೇ ಪ್ರಶ್ನೆ. ಹೇಳಿ ತಾತಾ, ಆ ದಿನ ಹನ್ನೊಂದು ನಲವತ್ತೆರಡಕ್ಕೆ ನೀವೇನು ಮಾಡ್ತಿದ್ರಿ?

ಲೈನ್ ಅಂಗಳದ ಹಿಂದಿನ ಓಣಿಯಲ್ಲಿದೆ, ದೊಡ್ಡ ಲೈನೇ. ಕಂಬ ನಿಲ್ಲಿಸೋ ಜಾಗದಿಂದ ಮೂವತ್ತು ಅಡಿ, ಟೇಪ್ ಹಿಡಿದು ಅಳೆದೆ. ಮರ ಇಲ್ಲ, ಆದ್ದರಿಂದ ಇಪ್ಪತ್ತಡಿಯ ಪೈಪ್. ಅಷ್ಟು ಹೆದರಬೇಡಿ, ನಾನು ಪರೀಕ್ಷೆಯಲ್ಲಿ ಸೇಫ್ಟಿ ಪ್ರಶ್ನೆಗಳಿಗೆ ಪೂರ್ತಿ ಮಾರ್ಕ್ಸ್ ತೆಗೆದವಳು!

ನಿಮ್ಮ
ಶ್ರೀ


ಮುಳಬಾಗಿಲು
3 ಆಗಸ್ಟ್ 2025, ಭಾನುವಾರ

ತಾತಾ,

ನಾಲ್ಕು ವಾರ ಆಯ್ತು, ಒಂದು ಸಾಲೂ ಇಲ್ಲ. ಅಮ್ಮನ್ನ ಕೇಳಿದರೆ "ಚೆನ್ನಾಗೇ ಇದ್ದಾರೆ, ಸಂಜೆ ವಾಕಿಂಗ್ ಹೋಗ್ತಾರೆ" ಅಂದಳು. ಹಾಗಾದರೆ ಕೋಪ. ಯಾಕೆ ಅಂತ ಯೋಚಿಸಿದೆ. ನಿಮ್ಮನ್ನ ಕೇಳದೆ ಕ್ಲಬ್ ಮಾಡಿದೆ ಅಂತಲಾ? ಉದ್ಘಾಟನೆಗೆ ಕರೆಯಲಿಲ್ಲ ಅಂತಲಾ? ಭಾರ್ಗವ್ ಹೇಳ್ತಾನೆ, "ನಿಮ್ಮ ತಾತನ ಕೈಲಿ ಆಗದೇ ಇದ್ದದ್ದು ನೀನು ಮಾಡ್ತಿದ್ದೀಯ, ಸ್ವಲ್ಪ ಹೊಟ್ಟೆಕಿಚ್ಚು." ಅವನ ತಲೆಗೆ ಮೊಟಕಿದೆ. ಆದರೂ ನಿಜ ಹೇಳಿ. ನೀವೂ ಹಿಂದೆ ಕೋಲಾರದಲ್ಲಿ ಕ್ಲಬ್ ನಡೆಸ್ತಿದ್ರಂತೆ? ಮಾವನವರು ಹೇಳಿದರು. ನನಗೆ ಒಂದು ದಿನವೂ ಹೇಳಲಿಲ್ಲವಲ್ಲ!

ಕಳೆದ ವಾರ ಮಕ್ಕಳನ್ನ ಕುರುಡುಮಲೆಗೆ ಕರೆದುಕೊಂಡು ಹೋಗಿದ್ದೆ. ಬಂಡೆ ಸಂದಿಯಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಅಡಗಿಸಿಟ್ಟು, ಸದ್ದು ಬರೋ ದಿಕ್ಕು ಹಿಡಿದು ಹುಡುಕೋ ಆಟ. ಶ್ರೀನಿವಾಸಪುರದಿಂದಲೂ ಆರು ಮಕ್ಕಳು ಬಂದಿದ್ದರು. ಎಲ್ಲರಿಗಿಂತ ಮೊದಲು ಹುಡುಕಿದ್ದು ಚಂದನ. ನೇರ ದಾರಿ ಬಿಟ್ಟು ಬಂಡೆ ಹತ್ತಿ ಹಾರಿದಳು. ಮೊಣಕಾಲು ತರಚಿದ್ದಕ್ಕೆ ಅಳಲೂ ಇಲ್ಲ. ಅವಳಿಗೆ ಭಯ ಅನ್ನೋದೇ ಇಲ್ಲ ತಾತಾ, ಥೇಟ್ ನನ್ನ ಹಾಗೆ.

ಪೈಪ್ ವಿಷಯ ಮತ್ತೆ ಕೇಳಬೇಡಿ. ಪೆಂಗ್ವಿನ್ ಕಥೆ ಮಾತ್ರ ಬರೀರಿ.

ಶ್ರೀ


ಮಾಸ್ತಿ
12 ಆಗಸ್ಟ್ 2025

ಚಿ. ಸೌ. ಶ್ರೀಪ್ರಿಯಾ,

ಕೋಪವಿಲ್ಲ. ಹೊಟ್ಟೆಕಿಚ್ಚೂ ಇಲ್ಲ ಎಂದು ಭಾರ್ಗವನಿಗೆ ಹೇಳು.

ಕೋಲಾರದಲ್ಲಿ ಕ್ಲಬ್ ಇತ್ತು. ನಾನಾಗ ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಏಳೆಂಟು ಹುಡುಗರು ಬರುತ್ತಿದ್ದರು. ಆಮೇಲೆ ನಿಂತುಹೋಯಿತು. ಹಳೆಯ ಮಾತು.

ಇಪ್ಪತ್ತಡಿಯ ಪೈಪ್, ಮೂವತ್ತು ಅಡಿ ದೂರ. ಅದು ಎತ್ತ ಬಿದ್ದರೂ ಲೈನಿಗೆ ತಾಗುವುದಿಲ್ಲ. ಅಷ್ಟರ ಮಟ್ಟಿಗೆ ಸರಿ. ಆದರೂ ಒಂದು ಕಟ್ಟುಪಾಡು ಹೇಳುತ್ತೇನೆ, ನಗಬೇಡ. ಕಂಬ ಎತ್ತುವಾಗ ಒಬ್ಬರು ಹಗ್ಗ ಮುಟ್ಟಬಾರದು, ಪೈಪ್ ಮುಟ್ಟಬಾರದು. ಸುಮ್ಮನೆ ಮೇಲೆ ನೋಡುತ್ತಾ ನಿಲ್ಲಬೇಕು. ತುದಿ ಎತ್ತ ವಾಲುತ್ತದೆ ಎಂಬುದು ಕೆಳಗೆ ಹಿಡಿದವರಿಗೆ ಕಾಣುವುದಿಲ್ಲ, ಅವರಿಗೆ ಮಾತ್ರ ಕಾಣುತ್ತದೆ. ಅವರು "ನಿಲ್ಲು" ಎಂದರೆ ಎಲ್ಲರೂ ನಿಲ್ಲಬೇಕು. ಕಂಬ ನಿಂತು ಹಗ್ಗ ಬಿಗಿದು ಕಟ್ಟುವವರೆಗೆ ಅವರು ಕಣ್ಣು ತೆಗೆಯಬಾರದು, ಯಾರು ಕರೆದರೂ ಸರಿ.

ಯಾರು ಕರೆದರೂ.

ಚಂದನಳನ್ನು ಆ ದಿನ ಅಂಗಳಕ್ಕೆ ಬಿಡಬೇಡ. ಭಯವಿಲ್ಲದ ಮಕ್ಕಳನ್ನು ನಾನು ಕಂಡಿದ್ದೇನೆ.

ಕೃಷ್ಣಮೂರ್ತಿ


ಮುಳಬಾಗಿಲು
7 ಸೆಪ್ಟೆಂಬರ್ 2025, ಭಾನುವಾರ

ತಾತಾ!!

ಮುಹೂರ್ತ ಫಿಕ್ಸ್! ಸೆಪ್ಟೆಂಬರ್ 28, ಭಾನುವಾರ, ಕಂಬ ಎತ್ತೋ ದಿನ. ನೀವು ಬರಲೇಬೇಕು. ಬೆಳಗ್ಗೆ ಮಾಲೂರಿನ ಬಸ್ ಹಿಡಿದರೆ ಕೋಲಾರದಲ್ಲಿ ಭಾರ್ಗವ್ ಬಂದು ಕರೆದುಕೊಂಡು ಬರ್ತಾನೆ.

ಈಗ ಒಟ್ಟು ಹತ್ತೊಂಬತ್ತು ಮಕ್ಕಳು. ಆದರೆ ತೊಂದರೆ ಏನು ಅಂದರೆ, ಈಗಿರೋ ಪುಟ್ಟ ವೈರಿನಲ್ಲಿ ಜಪಾನ್ ನಮಗೆ ಕೇಳುತ್ತೆ, ನಾವು ಜಪಾನಿಗೆ ಸರಿಯಾಗಿ ಕೇಳಲ್ಲ. ಮಕ್ಕಳು ಮುಖ ಸಪ್ಪಗೆ ಮಾಡ್ತಾರೆ. ಒಂದು ತಿಂಗಳು ಹೀಗೇ ಆದರೆ ಅರ್ಧ ಜನ ಮತ್ತೆ ಮೊಬೈಲ್ ಗೇಮಿಗೆ ಹೋಗ್ತಾರೆ, ನನಗೆ ಗೊತ್ತು. ಅದಕ್ಕೆ ಎರಡು ಪೈಪ್ ಸೇರಿಸಿ ನಲವತ್ತು ಅಡಿ ಮಾಡೋಣ ಅಂತ ನಿರ್ಧರಿಸಿದ್ವಿ! ಐಡಿಯಾ ಚಂದನಳದು. ಜಪಾನಿನಲ್ಲಿ ನಿಮ್ಮ ವಯಸ್ಸಿನ ಒಬ್ಬ ತಾತ ಇದ್ದಾರೆ, ಮೇಲ್ ಮಾಡಿದ್ದೆ. ಆ ದಿನ ನಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನನ್ನನ್ನ ಕರೀತಾರಂತೆ. ಹೊಸ ಕಂಬ, ಹೊಸ ಆಂಟೆನಾ, ಮೊದಲ ಮಾತು ಜಪಾನಿನ ಜೊತೆ!

ಎತ್ತೋದಕ್ಕೆ ಕದಿರೇಶ ಒಪ್ಪಿದ್ದಾನೆ. ನಮ್ಮ ಮದುವೆಗೆ ಪೆಂಡಾಲ್ ಹಾಕಿದವನು. "ಅಕ್ಕಾ, ಇಪ್ಪತ್ತು ವರ್ಷದಿಂದ ಗಳ ಎತ್ತಿದೀನಿ, ಒಂದೂ ಬಿದ್ದಿಲ್ಲ. ಇದು ಜುಜುಬಿ," ಅಂದ. ಅವನ ಗಳ ಎಲ್ಲ ಮರದ್ದು, ಬಿದಿರಿಂದು, ನಮ್ಮದು ಜಿ.ಐ. ಪೈಪ್, ಸ್ವಲ್ಪ ಭಾರ, ಅಷ್ಟೇ.

ನಿಮ್ಮ ಕಟ್ಟುಪಾಡನ್ನ ಓದಿ ಹೇಳಿದೆ. ಅದಕ್ಕೆ ನಾವು "ಆಕಾಶ ನೋಡೋ ಡ್ಯೂಟಿ" ಅಂತ ಹೆಸರಿಟ್ಟಿದ್ದೀವಿ! ಆ ಡ್ಯೂಟಿ ನನ್ನದೇ. ಚಂದನಳನ್ನ ಅಂಗಳಕ್ಕೆ ಬಿಡದೇ ಇರೋಕೆ ಆಗಲ್ಲ ತಾತಾ, ಅಳ್ತಾಳೆ. ಮೆಟ್ಟಿಲ ಮೇಲೆ ಕೂರಿಸ್ತೀನಿ.

ನಿಮ್ಮ
ಶ್ರೀ


ಮುಳಬಾಗಿಲು
16 ಸೆಪ್ಟೆಂಬರ್ 2025, ಮಂಗಳವಾರ

ತಾತಾ,

ಅವಸರದಲ್ಲಿ ಬರೀತಿದ್ದೀನಿ. ಕದಿರೇಶನಿಗೆ ದಸರಾ ಪೆಂಡಾಲ್ ಕೆಲಸ ಸಿಕ್ಕಿದೆ, ಸೋಮವಾರದಿಂದ ಚಿತ್ತೂರಿಗೆ ಹೋಗ್ತಾನೆ. ಅದಕ್ಕೆ ಕಂಬದ ದಿನ ಈ ಶನಿವಾರಕ್ಕೇ ಬಂತು, 20ನೇ ತಾರೀಕು. ಶನಿವಾರ ಸ್ಕೂಲು ಹನ್ನೊಂದಕ್ಕೆ ಬಿಡುತ್ತೆ, ಮಕ್ಕಳೆಲ್ಲ ನೇರ ಇಲ್ಲಿಗೆ. ಜಪಾನ್ ತಾತನಿಗೂ ಹೇಳಿದೆ, ಹನ್ನೆರಡು ಗಂಟೆ ಹಾಗೇ ಇದೆ.

ಈ ಪತ್ರ ಸಿಗೋ ಹೊತ್ತಿಗೆ ಬಹುಶಃ ಕಂಬ ನಿಂತಿರುತ್ತೆ! ನೀವು 28ಕ್ಕೇ ಬನ್ನಿ, ಮೇಲಿಂದ ಕೆಳಗಿನವರೆಗೆ ಬೈದುಕೊಂಡು ನೋಡುವಿರಂತೆ.

ಶ್ರೀ


ಮಾಸ್ತಿ
16 ಸೆಪ್ಟೆಂಬರ್ 2025

ಶ್ರೀ,

ಏಳನೇ ತಾರೀಕಿನ ನಿನ್ನ ಪತ್ರ ಗುರುವಾರ ಬಂತು. ನಾಲ್ಕು ದಿನ ಬರೆದು ಹರಿದೆ. ಇದು ಐದನೆಯದು. ಹರಿಯುವುದಿಲ್ಲ.

ಮೊದಲು ಮುಖ್ಯವಾದದ್ದು. ನಲವತ್ತು ಅಡಿ ಪೈಪ್, ಮೂವತ್ತು ಅಡಿ ದೂರ. ವಾಲಿದರೆ ಅದು ನೇರ ಲೈನಿನ ಮೇಲೆ. ಎತ್ತಬೇಡ. ಎತ್ತಲೇಬೇಕೆಂದರೆ ಇಪ್ಪತ್ತಕ್ಕೆ ಇಳಿಸು, ಕರೆಂಟ್ ಆಫೀಸಿಗೆ ಹೋಗಿ ಲೈನ್ ಆಫ್ ಮಾಡಿಸು, ಆಫ್ ಆಗಿದೆ ಎಂದು ಲೈನ್‌ಮನ್ ಬಂದು ಎದುರಿಗೆ ನಿಂತು ಹೇಳಬೇಕು. ಕದಿರೇಶನಿಗೆ ಗಳ ಗೊತ್ತು, ಕಬ್ಬಿಣ ಗೊತ್ತಿಲ್ಲ. 28ಕ್ಕೆ ಇನ್ನೂ ಸಮಯವಿದೆ.

ಇನ್ನು ನೀನು ಕೇಳಿದ್ದು.

1999ರ ಫೆಬ್ರವರಿ 14, ಭಾನುವಾರ, ಕೋಲಾರದ ಕ್ಲಬ್ಬಿನ ಹಿತ್ತಲಲ್ಲಿ ನಾವೂ ಕಂಬ ಎತ್ತುತ್ತಿದ್ದೆವು. ಐದು ಹುಡುಗರು, ನಾನು. ಅವರಲ್ಲಿ ಅಮರನಾಥ್ ಎಂಬವನು ಹತ್ತನೇ ತರಗತಿ. ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂರುತ್ತಿದ್ದ. ನಾನೇ ಹೆಗಲ ಮೇಲೆ ಕೈ ಹಾಕಿ ಕ್ಲಬ್ಬಿಗೆ ಕರೆತಂದಿದ್ದೆ. ಮೇಲೆ ನೋಡುತ್ತಾ ನಿಲ್ಲುವ ಕೆಲಸ ನನ್ನದು. ಕಂಬ ಅರ್ಧ ಎದ್ದಿತ್ತು. ಒಳಗೆ ಹಳೆಯ ವೈರಿನಲ್ಲಿ ಸೆಟ್ ಆನ್ ಇತ್ತು. ಹುಡುಗನೊಬ್ಬ ಕಿಟಕಿಯಿಂದ "ಸಾರ್, ಹಿಮದಿಂದ ಕರೀತಿದ್ದಾರೆ, ನಿಮ್ಮನ್ನೇ," ಎಂದ. ಆರು ವರ್ಷದಿಂದ ಕಾದ ಕರೆ. ಲೈಸೆನ್ಸ್ ಇದ್ದವನು ನಾನೊಬ್ಬನೇ, ಬೇರೆ ಯಾರೂ ಉತ್ತರ ಕೊಡುವ ಹಾಗಿರಲಿಲ್ಲ. "ಹಾಗೇ ಹಿಡಿದುಕೊಂಡಿರಿ, ಎರಡು ನಿಮಿಷ," ಎಂದು ಒಳಗೆ ಹೋದೆ.

ಆ ಎರಡು ನಿಮಿಷದ ಸಾಕ್ಷಿಯೇ ನಿನ್ನ ಗೋಡೆಯ ಮೇಲಿರುವ ಕಾರ್ಡು. ಹನ್ನೊಂದು ನಲವತ್ತೆರಡು. ಕಂಬ ವಾಲಿ ಕರೆಂಟಿನ ಲೈನಿಗೆ ತಾಗಿತು. ಅಮರನಾಥ್ ಅಲ್ಲೇ ಹೋದ.

ಪೊಲೀಸರಿಗೆ ಗಾಳಿ ಬೀಸಿತು ಎಂದು ಬರೆಸಿದೆ. ಅವನ ತಾಯಿಗೂ ಹಾಗೇ ಹೇಳಿದೆ. ಹುಡುಗರು ಸುಮ್ಮನಿದ್ದರು, ಮೇಷ್ಟ್ರ ಮಾತು. ಆ ದಿನ ಗಾಳಿ ಇರಲಿಲ್ಲ ಶ್ರೀ. ಎಲೆ ಅಲ್ಲಾಡುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಕಾರ್ಡು ಬಂತು. ಸುಡಲು ಆಗಲಿಲ್ಲ, ನೋಡಲೂ ಆಗಲಿಲ್ಲ. ನಿನಗೆ ಕೊಟ್ಟರೆ ನನ್ನ ಪೆಟ್ಟಿಗೆಯಿಂದ ಹೋಗುತ್ತದೆ ಎಂದುಕೊಂಡೆ. ಕೊಡುವಾಗಲೇ ಹೇಳಬೇಕಿತ್ತು.

ಕೃಷ್ಣಮೂರ್ತಿ


ಮಾಸ್ತಿ
20 ಸೆಪ್ಟೆಂಬರ್ 2025, ಶನಿವಾರ

ಶ್ರೀ,

ಈಗ ಮಧ್ಯಾಹ್ನ ಹನ್ನೆರಡೂ ಕಾಲು. ನಿನ್ನ ಅವಸರದ ಪತ್ರ ಹತ್ತು ನಿಮಿಷದ ಹಿಂದೆ ಬಂತು. ಪಕ್ಕದ ಮನೆ ಆದಿಲಕ್ಷ್ಮಿಯ ಕೈಲಿ ಫೋನ್ ಮಾಡಿಸಿದೆ. ನಿನಗೆ ನಾಲ್ಕು ಸಲ, ಭಾರ್ಗವನಿಗೆ ಮೂರು ಸಲ. ರಿಂಗ್ ಆಗುತ್ತಿದೆಯಂತೆ, ಯಾರೂ ಎತ್ತುತ್ತಿಲ್ಲವಂತೆ. ಮಂಗಳವಾರ ಹಾಕಿದ ನನ್ನ ಪತ್ರ ಸಿಕ್ಕಿತೋ ಇಲ್ಲವೋ.

ಬಸ್ ಎರಡು ಗಂಟೆಗೆ. ಅಲ್ಲಿಯವರೆಗೆ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆದಿಲಕ್ಷ್ಮಿ ಐದನೇ ಸಲ ಮಾಡುತ್ತಿದ್ದಾಳೆ. ಅವಳ ಮುಖ ನೋಡುತ್ತಿದ್ದೇನೆ.


ಮುಳಬಾಗಿಲು
5 ಅಕ್ಟೋಬರ್ 2025

ತಾತನಿಗೆ,

ಆ ಸಂಜೆ ನೀವು ಕೋಲಾರದ ಆಸ್ಪತ್ರೆಗೆ ಬಂದಿರಿ. ಒಳಗೆ ಬಿಡಬೇಡಿ ಅಂತ ಅಮ್ಮನ ಕೈಲಿ ಹೇಳಿಸಿದ್ದು ನಾನೇ. ನಿಮ್ಮ ಮುಖ ನೋಡಿದ್ದರೆ ಏನಾದರೂ ಅಂದುಬಿಡ್ತಿದ್ದೆ. ಬೆಳಗಿನವರೆಗೆ ಬೆಂಚಿನ ಮೇಲೆ ಕೂತಿದ್ದಿರಂತೆ.

ನಿಮ್ಮ ಪತ್ರ ಶನಿವಾರ ಹತ್ತೂವರೆಗೆ ಬಂತು. ಪೋಸ್ಟ್‌ಮ್ಯಾನ್ ಮುನಿಶಾಮಿ "ತಾತನದು ದಪ್ಪಗಿದೆ ಮೇಡಂ," ಅಂತ ಕೊಟ್ಟರು. ಪೈಪ್ ಜೋಡಿಸ್ತಾ ಇದ್ದೆವು. ಸಂಜೆ ಕೂತು ಓದೋಣ ಅಂತ ಸೆಟ್ಟಿನ ಕೆಳಗೆ ಸಿಕ್ಕಿಸಿದೆ.

ನಾನು ಮೇಲೆ ನೋಡ್ತಾನೇ ನಿಂತಿದ್ದೆ. ಕದಿರೇಶ, ಅವನ ಇಬ್ಬರು ಕೆಲಸದವರು ಹಗ್ಗ ಎಳೀತಿದ್ದರು. ಚಂದನ ಮೆಟ್ಟಿಲ ಮೇಲಿದ್ದಳು. ಒಳಗಿಂದ ಭಾರ್ಗವ್ ಕೂಗಿದ: "ಶ್ರೀ! ಜಪಾನ್! ಆಗಲೇ ಬಂದುಬಿಟ್ರು, ನಿನ್ನನ್ನೇ ಕರೀತಿದ್ದಾರೆ!" ಮಕ್ಕಳೆಲ್ಲ ಕಿರುಚಿದರು. ಅವನು ಮೈಕ್ ಮುಟ್ಟುವ ಹಾಗಿಲ್ಲ, ನಾನೇ ಹೇಳಿದ್ದೆ. "ಒಂದೇ ನಿಮಿಷ ಕದಿರೇಶಾ," ಅಂದು ಓಡಿದೆ. ಹಳೇ ವೈರಿನಲ್ಲೇ ಅವರ ಕರೆಗೆ ಉತ್ತರ ಕೊಟ್ಟೆ, ನನ್ನ ಹೆಸರು ಹೇಳಿದೆ, ಅವರು "ಇವತ್ತು ತುಂಬ ಚೆನ್ನಾಗಿ ಕೇಳುತ್ತಿದೆ" ಅಂದರು. ಆಗ ಕಿಟಕಿ ಬೆಳ್ಳಗಾಯಿತು.

ಪೈಪ್ ಲೈನಿನ ಕಡೆ ವಾಲಿದ್ದನ್ನ ಚಂದನ ನೋಡಿದಳಂತೆ. ಬೀಳುತ್ತೆ ಅಂತ ಓಡಿಬಂದು ಬುಡ ಹಿಡಿದಳಂತೆ. ಕದಿರೇಶನ ಕಾಲು ಸುಟ್ಟಿದೆ, ನಡೀತಾನೆ. ಅವಳ ಬಲಗೈಯನ್ನ ಮಣಿಕಟ್ಟಿನಿಂದ ತೆಗೆದರು.

ಆ ಮಧ್ಯಾಹ್ನವೇ ಪೊಲೀಸರು ಮನೆಗೆ ಬಂದಾಗ ಮಾವನವರು ನನ್ನನ್ನ ಪಕ್ಕಕ್ಕೆ ಕರೆದು, "ಗಾಳಿ ಬೀಸಿತು ಅಂತ ಹೇಳಿಬಿಡಮ್ಮ. ಯಾರ ತಪ್ಪೂ ಅಲ್ಲ," ಅಂದರು. ಕದಿರೇಶನೂ ಗಾಳಿ ಅಂದ. ಭಾರ್ಗವ್ ನನ್ನ ಕೈ ಹಿಡಿದು ಗಾಳಿ ಅಂದ. ಐದು ನಿಮಿಷ ಕೊಡಿ ಅಂತ ಹೇಳಿ ಕ್ಲಬ್ಬಿಗೆ ಹೋಗಿ ಕೂತೆ. ಆಗ ನಿಮ್ಮ ಪತ್ರ ಒಡೆದೆ.

ಓದಿ ಮುಗಿಸಿ ಹೊರಗೆ ಬಂದು ಬರೆಸಿದೆ. ಗಾಳಿ ಇರಲಿಲ್ಲ. ಮೇಲೆ ನೋಡಬೇಕಾದವಳು ನಾನು. ಒಳಗೆ ಹೋದೆ.

ಕೇಸಾಗಿದೆ. ಭಾರ್ಗವ್ ಈಗಲೂ ಕಾಫಿ ತರ್ತಾನೆ, ಇಟ್ಟು ಹೋಗ್ತಾನೆ. ಬೋರ್ಡ್ ಇಳಿಸಿದ್ದಾರೆ. ನಿಮ್ಮ ಕಾರ್ಡ್ ಗೋಡೆ ಮೇಲೇ ಇದೆ, ಅದರ ಕೆಳಗೆ ಅಮರನಾಥ್ ಅಂತ ಬರೆದಿದ್ದೀನಿ. ನಿಮ್ಮನ್ನ ಕ್ಷಮಿಸೋದು ನನ್ನ ಕೈಲಿಲ್ಲ. ನೀವು ಜೂನ್‌ನಲ್ಲೇ ಬರೆದಿದ್ದರೆ ಅಂತ ದಿನಾ ಅನ್ನಿಸುತ್ತೆ. ನಾನು ಬೆಳಗ್ಗೆ ಹತ್ತೂವರೆಗೆ ಓದಿದ್ದರೆ ಅಂತಲೂ ಅನ್ನಿಸುತ್ತೆ.

ನಿನ್ನೆ ಮೊದಲ ಸಲ ಗಂಗಾಲಕ್ಷ್ಮಿ ನನ್ನನ್ನ ಆಸ್ಪತ್ರೆಯಲ್ಲಿ ಚಂದನಳ ಹತ್ತಿರ ಬಿಟ್ಟರು. ಸ್ಟೂಲ್ ತಳ್ಳಿದರು. ನಾನೇ ಎಲ್ಲ ಹೇಳಿದೆ, ಅವರ ಎದುರಿಗೇ, ಪೊಲೀಸರಿಗೆ ಬರೆಸಿದ ಹಾಗೆ. ಚಂದನ ಬ್ಯಾಂಡೇಜ್ ನೋಡ್ತಾ ಕೇಳಿಸಿಕೊಂಡಳು.

"ಜಪಾನ್ ತಾತ ಕಾರ್ಡ್ ಕಳಿಸ್ತಾರಾ ಅಕ್ಕ?"

"ಪೋಸ್ಟ್ ಮಾಡಿದ್ದೀನಿ ಅಂತ ಮೇಲ್ ಬಂದಿದೆ."

"ಎಷ್ಟು ಗಂಟೆಗೆ ಮಾತಾಡಿದ್ದು?"

"ಹನ್ನೊಂದು ಐವತ್ತೊಂದು."

ಅವಳ ತುಟಿ ಅಲ್ಲಾಡಿತು. ಐದೂವರೆ ಕಳೀತಿದ್ದಳು.

"ಸೊನ್ನೆ ಆರು ಇಪ್ಪತ್ತೊಂದು," ಅಂದಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಶ್ರೀಪ್ರಿಯಾ